ಬೀಗರೂಟದ ಮಾತ್ರೆ

ಪಾಂಡವಪುರದ ಆಸ್ಪತ್ರೆಯೊಂದರ ಔಷಧಿ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು: ಫಾರ್ಮಸಿ ಓದುವ ಹುಡುಗಿ, ಡಾಕ್ಟರ ಚೀಟಿಯನ್ನು ಜೇಬಿನಲ್ಲೇ ಒತ್ತಿ ಹಿಡಿದ ಅವಳ ಚಿಕ್ಕಪ್ಪ.

“ಚೀಟಿ ಕೊಡು ಚಿಕ್ಕಪ್ಪ. ಅಪ್ಪ ಮೂಳೆ ಕ್ಯಾನ್ಸರಿನ ನೋವಿಗೆ ಅರಚ್ಕತಾವ್ನೆ.”

“ಮಾರ್ಫಿನ್ನು ಅಂದ್ರೆ ಅಫೀಮು ಕಣವ್ವ. ಅಣ್ಣ ಚಟಕ್ಕೆ ಬಿದ್ದ ಅಂತ ಊರೋರು ಆಡ್ಕಳಕಿಲ್ವಾ?”

“ಬೀಗರೂಟದಲ್ಲಿ ಬಾಡು ಬಾರಿಸಿ ಭೇದಿ ಹತ್ತಿದಾಗ ನೀನು ನುಂಗೋ ಮಾತ್ರೆನೂ ಅದೇ ವಂಶದ್ದು.”

“ಸುಮ್ಕಿರು! ನಂಗೆ ಯಾವತ್ತಾರ ಅಮಲೇರೈತಾ?”

“ಇಲ್ಲ. ಎರಡೂ ಹೋಗಿ ಕೂರೋ ಜಾಗ ಕರುಳಲ್ಲೂ ಐತೆ, ಮಿದುಳಲ್ಲೂ ಐತೆ. ನಿನ್ನ ಮಾತ್ರೆನ ಮಿದುಳು ಒಳಕ್ಕೆ ಬುಟ್ಕಳಕಿಲ್ಲ. ಮಾರ್ಫಿನ್ನ ಬುಟ್ಕತದೆ.”

“ಮೈಯೇ ನೋವಿಗೆ ಮದ್ದು ಮಾಡ್ಕತದೆ ಅಂತಾರಲ್ಲ?”

“ಮಾಡ್ಕತದೆ. ಅದೂ ಅದೇ ಜಾಗದಲ್ಲೇ ಕೂರ್ತದೆ. ನೀನು ಮಂಡಿ ತರಚ್ಕಂಡ್ರೆ ಅಷ್ಟು ಸಾಕು, ಅಪ್ಪಂಗೆ ಸಾಲಕಿಲ್ಲ.”

“ಆದ್ರೂ ಚಟ...”

“ಡಾಕ್ಟ್ರು ಇನ್ನೆರಡು ತಿಂಗಳು ಅಂದವ್ರೆ. ಚಟ ಹತ್ತಿಸ್ಕಳಕ್ಕೆ ಅಪ್ಪಂಗೆ ಪುರುಸೊತ್ತೆಲ್ಲೈತೆ?”

ಅವನು ಚೀಟಿ ತೆಗೆದುಕೊಟ್ಟ.

“ಮದ್ದಿನ ಹೆಸರು ಮೆತ್ತಗೆ ಹೇಳವ್ವ, ಹಿಂದೆ ಜನ ಅವ್ರೆ.”

“ಅದನ್ನ ಮೆತ್ತಗೇ ಹೇಳ್ತೀನಿ. ನಿನ್ನ ಭೇದಿ ಮಾತ್ರೆ ಹೆಸರನ್ನ ಜೋರಾಗಿ ಕೂಗ್ತೀನಿ.”

ಅವಳು ಕೌಂಟರಿಗೆ ಹೋದಳು. ಅವನು ನನ್ನ ಕಡೆ ನೋಡದೆ ಅವಳ ಹಿಂದೆಯೇ ನಡೆದ.