ಲ್ಯಾಬಿಗೆ ಹೋಗದೆ ಬೀರುವಿನಲ್ಲಿ ಉಳಿದ ಸೀಸೆ

ನನ್ನ ಹೆಸರು ರೇಣುಕಪ್ರಸಾದ್, ವಯಸ್ಸು 63, ನಿವೃತ್ತ ಗ್ರಂಥಪಾಲಕ, ವಾಸ ಹುಳಿಯಾರು, ಚಿಕ್ಕನಾಯಕನಹಳ್ಳಿ ತಾಲ್ಲೂಕು. ಈ ದಿನ ಬೆಳಿಗ್ಗೆ 10-30ಕ್ಕೆ ತಿಪಟೂರಿನ ಠಾಣೆಗೆ ಬಂದು ತಿಳಿಸುವುದೇನೆಂದರೆ, 21-6-1999ರಂದು ಜುಂಜಯ್ಯನವರ ಗಂಟಲಿನಿಂದ ಪರೀಕ್ಷೆಗೆಂದು ತೆಗೆದ ಮಾಂಸದ ತುಣುಕನ್ನು ಇಲ್ಲಿನ ಖಾಸಗಿ ನರ್ಸಿಂಗ್ ಹೋಮಿನವರು ಲ್ಯಾಬಿಗೆ ಕಳುಹಿಸದೆ 23 ದಿನ ಬೀರುವಿನಲ್ಲಿಟ್ಟು, ಕಳುಹಿಸಿದ್ದಾಗಿ ಸುಳ್ಳು ದಾಖಲೆ ಬರೆದಿರುತ್ತಾರೆ.

ಜುಂಜಯ್ಯನವರು ನಮ್ಮೂರಿಗೆ ಎರಡು ಕಿ.ಮೀ. ದೂರದ ಹಟ್ಟಿಯ ಕುರಿಗಾಹಿ, ವಯಸ್ಸು 55. ಹತ್ತೊಂಬತ್ತು ವರ್ಷದಿಂದ ನನ್ನ ತೆಂಗಿನ ತೋಟದಲ್ಲಿ ಗೊಬ್ಬರಕ್ಕೆ ಮಂದೆ ತಂಗಿಸುವವರು ಅವರೇ. ಮೂರು ತಿಂಗಳಿಂದ ದನಿ ಒಡೆದು, ಅವರು ಕೂಗಿದರೂ ಕುರಿಗಳು ತಲೆ ಎತ್ತುತ್ತಿರಲಿಲ್ಲ. ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿಯಲು ತುಣುಕು ತೆಗೆಯಬೇಕೆಂದು ವೈದ್ಯರು ಹೇಳಿದ್ದರಿಂದ ನಾನೇ ಅವರನ್ನೂ ಅವರ ಪತ್ನಿ ನಾಗಕ್ಕನನ್ನೂ ಈ ನರ್ಸಿಂಗ್ ಹೋಮಿಗೆ ಕರೆತಂದೆ.

ಮಧ್ಯಾಹ್ನ 12-15ಕ್ಕೆ ತುಣುಕು ತೆಗೆದು, ವೈದ್ಯರು ಸೀಸೆಯ ಮೇಲೆ ಜುಂಜಯ್ಯ ಎಂದೇ ಬರೆದರು. ಬಿಲ್ಲು ಬರೆಸುವಾಗ ನಾನು ಔಷಧಿ ಅಂಗಡಿಯಲ್ಲಿದ್ದೆ. ಮಾತಾಡಬಾರದೆಂದು ಹೇಳಿದ್ದರಿಂದ ಜುಂಜಯ್ಯನವರು ಬಾಯಿಗೆ ಟವೆಲ್ ಹಿಡಿದು ಕುಳಿತಿದ್ದರು. ಗುಮಾಸ್ತ ತೋಂಟದಾರ್ಯ ರೋಗಿಯ ಹೆಸರು ಕೇಳಿದಾಗ ನಾಗಕ್ಕ, "ಗಂಡನ ಹೆಸ್ರ ಬಾಯ್ಬಿಟ್ಟು ಹೇಳಾಕಾಯ್ತದೇನ್ರೀ? ಚಿತ್ತೇಶನ ಅಪ್ಪ ಕಣ್ರೀ," ಎಂದರಂತೆ. ಗುಮಾಸ್ತರು ನಗುತ್ತಾ ಬಿಲ್ಲಿನಲ್ಲಿ ಮಗನ ಹೆಸರನ್ನೇ, ಚಿತ್ತೇಶ್ ಎಂದು ಬರೆದರಂತೆ. ಲ್ಯಾಬ್ ಪರೀಕ್ಷೆಯ ಶುಲ್ಕವನ್ನೂ ಸೇರಿಸಿ ಪಡೆದರು. ಆ ಬಿಲ್ಲನ್ನು ನಾನು ಅಂದು ಓದಲಿಲ್ಲ. ಅಷ್ಟು ತಪ್ಪು ನನ್ನದು.

ಜೂನ್ 28ರಂದೂ, ಜುಲೈ 5ರಂದೂ ಕೇಳಿದಾಗ ತುಮಕೂರಿನಿಂದ ರಿಪೋರ್ಟ್ ಬಂದಿಲ್ಲವೆಂದರು. ಅಷ್ಟರಲ್ಲಿ ಜುಂಜಯ್ಯನವರು ಬೀಡಿ ಬಿಟ್ಟಿದ್ದರು, ಊಟವನ್ನೂ ಅರ್ಧ ಬಿಟ್ಟಿದ್ದರು. ಮಂದೆ ಕರೆಯುವ ಕೂಗನ್ನು ನಾಗಕ್ಕನಿಗೆ ಕಲಿಸತೊಡಗಿದ್ದರು. ಆಕೆ ಒಲ್ಲೆನೆಂದು ಅಳುತ್ತಲೇ ಕೂಗುವುದನ್ನು ನಾನು ಬೇಲಿಯಾಚೆಯಿಂದ ಕೇಳಿದ್ದೇನೆ.

14ರಂದು ಬೆಳಿಗ್ಗೆ 11 ಗಂಟೆಗೆ ನಾನು, ಲ್ಯಾಬಿಗೆ ಕಳುಹಿಸಿದ್ದನ್ನು ಬರೆದಿಡುವ ರವಾನೆ ಪುಸ್ತಕ ತೋರಿಸಿ ಎಂದೆ. ಅದರಲ್ಲಿ ಜುಂಜಯ್ಯನೂ ಇಲ್ಲ, ಚಿತ್ತೇಶನೂ ಇಲ್ಲ. ನರ್ಸ್ ಪುಷ್ಪಲತಾ ಬೀರು ತೆಗೆದರು. ಸೀಸೆ ಅಲ್ಲಿಯೇ ಇತ್ತು. ಬಿಲ್ಲಿನ ಹೆಸರಿಗೂ ಸೀಸೆಯ ಹೆಸರಿಗೂ ತಾಳೆಯಾಗದ್ದರಿಂದ ತಡೆದಿದ್ದಾಗಿ ಆಕೆ ಒಪ್ಪಿಕೊಂಡರು. ಅಷ್ಟರಲ್ಲಿ ತೋಂಟದಾರ್ಯ ಪುಸ್ತಕವನ್ನು ತನ್ನತ್ತ ಎಳೆದುಕೊಂಡು, ಜೂನ್ 22ರ ಕೆಳಗಿನ ಖಾಲಿ ಸಾಲಿನಲ್ಲಿ "ಕಳುಹಿಸಲಾಗಿದೆ" ಎಂದು ಬರೆದರು. ಮೂವತ್ತೊಂದು ವರ್ಷ ನಾನೂ ರಿಜಿಸ್ಟರ್ ಬರೆದವನು. 1972ರಲ್ಲಿ, ಕಳೆದುಹೋದ ಪುಸ್ತಕವೊಂದು ವಾಪಸು ಬಂದಿದೆಯೆಂದು ಹಿಂದಿನ ತಾರೀಖು ಹಾಕಿ ಬರೆಯಲು ಮೇಲಿನವರು ಹೇಳಿದಾಗ ಒಪ್ಪದೆ ವರ್ಗವಾಗಿ ಹೋದವನು. ಸುಮ್ಮನಿರಲಾಗದೆ ಕೇಳಿದ್ದಕ್ಕೆ ತೋಂಟದಾರ್ಯ, "ಬುಡಿ ಸಾರ್, ಸಿಕ್ತಲ್ಲ," ಎಂದರು.

ವೈದ್ಯರಿಂದ ಹೆಸರು ಸರಿಪಡಿಸಿದ ಪತ್ರ ಪಡೆದು, ಸೀಸೆಯನ್ನು ನಾನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತುಮಕೂರಿನ ಲ್ಯಾಬಿಗೆ ಕೊಟ್ಟೆ. ತುಣುಕು ಕೆಟ್ಟಿಲ್ಲವೆಂದರು. ನಿನ್ನೆ ರಿಪೋರ್ಟ್ ಬಂತು: ಕ್ಯಾನ್ಸರ್ ಅಲ್ಲ, ಬರೀ ಗಂಟು. ಸಂಜೆ 5-40ಕ್ಕೆ ಜುಂಜಯ್ಯನವರು ನನ್ನ ತೋಟದ ಗೇಟಿನಲ್ಲಿ ನಿಂತು, ವೈದ್ಯರು ಬೇಡವೆಂದಿದ್ದರೂ ಒಮ್ಮೆ ಕೂಗಿದರು. ದನಿ ಒಡಕಾಗಿಯೇ ಇತ್ತು. ಮುಂದಿನ ಎರಡು ಕುರಿ ತಿರುಗಿ ನೋಡಿದವು. ನಾಗಕ್ಕ, "ಇನ್ನು ನಂಗೆ ಕಲ್ಸಾದು ಬ್ಯಾಡ, ನೀನೇ ಕೂಗ್ಕ," ಎಂದರು.

ನಾನು ಇಲ್ಲಿಗೆ ಬಂದಿರುವುದು ಅದೇ ಬೀರುವಿಗಾಗಿ. 14ರಂದು ಅದು ತೆರೆದಾಗ ಒಳಗೆ ಇನ್ನೂ ನಾಲ್ಕು ಸೀಸೆಗಳಿದ್ದವು. ಒಂದರ ಮೇಲೆ ಮೇ ತಿಂಗಳ ತಾರೀಖಿತ್ತು. ಅವು ಕೂಡ ಲ್ಯಾಬಿಗೆ ತಲುಪಿದರೆ ಉತ್ತರ ಹೇಳಬಲ್ಲವು. ರವಾನೆ ಪುಸ್ತಕವನ್ನು ವಶಪಡಿಸಿಕೊಂಡು ಕಾನೂನು ಕ್ರಮ ಜರುಗಿಸಬೇಕು. ಆ ನಾಲ್ವರು ಯಾರು, ಅವರಿಗೆ ಏನೆಂದು ಹೇಳಿ ಕಳುಹಿಸಿದ್ದಾರೆ ಎಂಬುದನ್ನು ನರ್ಸಿಂಗ್ ಹೋಮಿನವರು ತಮ್ಮ ಬಾಗಿಲ ಫಲಕದ ಮೇಲೆಯೇ ಬರೆದು ಊರಿಗೆ ಉತ್ತರಿಸಬೇಕು.

ಮೇಲಿನದನ್ನು ಓದಿಸಿ ಕೇಳಿದ್ದೇನೆ. ನಾನು ಕಂಡದ್ದು, ಕೇಳಿದ್ದು ಇಷ್ಟೇ, ನಿಜ.

ಸ್ಥಳ: ತಿಪಟೂರು
ದಿನಾಂಕ: 20-7-1999
ಸಹಿ: ರೇಣುಕಪ್ರಸಾದ್