ಮಾಧವರಂ ಬಸ್ ನಿಲ್ದಾಣದಲ್ಲಿ ಮುಗಿಲಮ್ಮನನ್ನು ತಡೆದಿಟ್ಟ ಬಗ್ಗೆ

ಹೆಸರು ಕರಿಯಮ್ಮ, ದಿವಂಗತ ನಂಜುಂಡ ಅವರ ಹೆಂಡತಿ. ವಯಸ್ಸು ಐವತ್ತು. ಮನೆಗಳಲ್ಲಿ ಅಡುಗೆ ಕೆಲಸ. ವಾಸ ಚೆನ್ನೈ ಮಾಧವರಂ, ಹಾಲಿನ ಡೇರಿ ಹಿಂದಿನ ಬೀದಿ, ಮಹಡಿ ಮೇಲಿನ ಒಂಟಿ ಕೋಣೆ. ಹುಟ್ಟಿದ್ದು ಕೊಳ್ಳೇಗಾಲ ತಾಲ್ಲೂಕಿನ ಹುಣಸೆಪಾಳ್ಯದಲ್ಲಿ. ಊರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ್ದೇನೆ. ತಮಿಳು ಮಾತಾಡುತ್ತೇನೆ, ಬರೆಯಲು ಬರುವುದಿಲ್ಲ. ನಿನಗೆ ಬರುವ ಭಾಷೆಯಲ್ಲೇ ಬರೆದುಕೊಡು ಎಂದು ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಡಪಳನಿಯ ಪಂಢರಿನಾಥ ರಾಯರು ಇದನ್ನು ತಮಿಳಿಗೆ ಮಾಡಿಕೊಡಲು ಒಪ್ಪಿದ್ದಾರೆ. ಠಾಣೆಯವರಿಗೆ ಈ ಮೂಲಕ ತಿಳಿಸುವುದೇನೆಂದರೆ:

ಇವತ್ತು 10-11-2025, ಕಾರ್ತಿಕ ಸೋಮವಾರ. ನನಗೆ ಉಪವಾಸ. ಸಂಜೆ ದೀಪ ಹಚ್ಚುವವರೆಗೆ ನೀರನ್ನೂ ಕುಡಿಯುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಕೋಣೆ ಗುಡಿಸಿ, ನೆಲ ಒರೆಸಿ, ಬಾಗಿಲಿಗೆ ರಂಗೋಲಿ ಇಟ್ಟೆ. ಬಿಟ್ಟುಹೋಗುವ ಕೋಣೆಗೆ ಯಾಕಮ್ಮ ಕೋಲಂ ಎಂದು ಮನೆ ಓನರಿನ ಹೆಂಡತಿ ಕೇಳಿದರು. ಹನ್ನೊಂದು ವರ್ಷ ಇಟ್ಟಿದ್ದೇನೆ, ಇವತ್ತೊಂದು ದಿನ ಯಾಕೆ ಬಿಡಲಿ ಎಂದೆ. ಅವರ ಮಗನಿಗೆ ಮದುವೆ, ಕೋಣೆ ಬೇಕಾಗಿದೆ. ಪಂಢರಿನಾಥ ರಾಯರ ಮನೆಯಲ್ಲಿ ಅಡುಗೆ ಮಾಡಿಕೊಂಡು ಅಲ್ಲೇ ಇರುವುದೆಂದು ಮಾತಾಗಿದೆ. ಪಾತ್ರೆ, ಬಟ್ಟೆ ಎಲ್ಲ ನಿನ್ನೆಯೇ ಆಟೋದಲ್ಲಿ ಹೋಗಿವೆ. ಉಳಿದದ್ದು ನಮ್ಮ ದೇವರು, ಮುಗಿಲಮ್ಮ ಮಾತ್ರ.

ನಮ್ಮ ಕಡೆ ದೇವರನ್ನು ಮನೆಯಿಂದ ಮನೆಗೆ ಒಯ್ಯುವವರು ಹೊಸಿಲು ದಾಟಿದ ಮೇಲೆ ಮಾತಾಡುವಂತಿಲ್ಲ. ದೇವರನ್ನು ನೆಲಕ್ಕೆ ಇಳಿಸುವಂತಿಲ್ಲ. ಹೊಸ ಮನೆಯಲ್ಲಿ ದೀಪ ಹಚ್ಚಿದ ಮೇಲೆಯೇ ಬಾಯಿ ಬಿಡಬೇಕು. ನಡುದಾರಿಯಲ್ಲಿ ಮಾತಾಡಿದರೆ ದೇವರು ಅಲ್ಲೇ ನಿಂತುಬಿಡುತ್ತದೆ ಎನ್ನುತ್ತಾರೆ. ಹಾಗಾಗಿ ಏಳೂವರೆಗೆ ಮುಗಿಲಮ್ಮನನ್ನು ಹಳದಿ ಬಟ್ಟೆಚೀಲದಲ್ಲಿಟ್ಟು, ಎದೆಗೆ ಅವುಚಿಕೊಂಡು, ಬಾಯಿ ಮುಚ್ಚಿಕೊಂಡು ಬಸ್ ನಿಲ್ದಾಣಕ್ಕೆ ನಡೆದು ಬಂದೆ.

ನಿಲ್ದಾಣದಲ್ಲಿ ಕಾಲುಮಡಿಯುವ ಅಗತ್ಯ ಬಂತು. ದೇವರನ್ನು ಕಕ್ಕಸಿನೊಳಗೆ ಒಯ್ಯಲಾಗುವುದಿಲ್ಲ. ಬೆಂಚಿನ ಪಕ್ಕದ ಕಂಬದಲ್ಲಿ ಒಂದು ಕೊಕ್ಕೆ ಇತ್ತು. ಚೀಲವನ್ನು ಅದಕ್ಕೆ ನೇತುಹಾಕಿ ಹೋದೆ. ಕೈಕಾಲು ತೊಳೆದು ಬರುವಷ್ಟರಲ್ಲಿ ಸೆಕ್ಯುರಿಟಿಯವರು ಸೀಟಿ ಊದಿ ಜನರನ್ನು ಹಿಂದಕ್ಕೆ ತಳ್ಳುತ್ತಿದ್ದರು. ಚೀಲದ ಬಾಯಿಂದ ಎರಡು ವೈರು ಹೊರಗೆ ಬಂದಿದ್ದವು. ಯಾರದ್ದು ಎಂದು ಕೂಗಿದರು. ನಾನು ಎದೆ ಮುಟ್ಟಿ ತೋರಿಸಿದೆ. ಒಳಗೇನಿದೆ ಎಂದು ಕೇಳಿದರು. ಕೈಮುಗಿದು ಆಕಾಶ ತೋರಿಸಿದೆ. ಅದರಿಂದ ಅವರಿಗೆ ಹೆದರಿಕೆ ಇನ್ನೂ ಹೆಚ್ಚಾಯಿತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಪಾವಂ, ಮಾತು ಬರಲ್ಲ ಇವಳಿಗೆ ಎಂದಳು. ಮಾತು ಬರುವವರಿಗಿಂತ ಇಂಥವರೇ ಅಪಾಯ ಎಂದು ಒಬ್ಬ ಗಂಡಸು ಹೇಳಿ ನಕ್ಕ. ನನಗೆ ಅಳು ಬಂತು, ಆದರೂ ತುಟಿ ಬಿಚ್ಚಲಿಲ್ಲ.

ಸುಮಾರು ಒಂಬತ್ತಕ್ಕೆ ಬಾಂಬು ನೋಡುವವರು ಬಂದರು. ನಾಯಿ ಬಂದು ಮೂಸಿತು. ಸಹಿಸಿಕೊಂಡೆ. ದಪ್ಪ ಅಂಗಿ ತೊಟ್ಟವರು ಚೀಲ ಇಳಿಸಿ ನೆಲದ ಮೇಲೆ ಇಡಲು ಹೋದಾಗ ನನ್ನ ಬಾಯಿಂದ ಕೂಗು ಹೊರಟುಹೋಯಿತು. "ನೆಲಕ್ ಇಡಬ್ಯಾಡ್ರಪ್ಪೋ, ನಮ್ಮವ್ವ ಕಣ್ರಪ್ಪ ಅದು!" ತಮಿಳಿನಲ್ಲಿ ಹೇಳಬೇಕೆಂಬುದು ಹೊಳೆಯಲಿಲ್ಲ. ಅವರು ನೆಲಕ್ಕೆ ಇಟ್ಟರು.

ಠಾಣೆಗೆ ತಂದ ಮೇಲೆ ಯಂತ್ರದಲ್ಲಿ ನೋಡಿ, ಸಿಡಿಯುವಂಥದ್ದು ಏನೂ ಇಲ್ಲ ಎಂದರು. ಸಾಹೇಬರು ಒಳ್ಳೆಯವರು, ಕೂರಲು ಕುರ್ಚಿ ಕೊಟ್ಟರು. ನಿನ್ನ ದೇವರಿಗೆ ಟಿಕೆಟ್ ತಗೊಳ್ಳೋಕೆ ದುಡ್ಡಿತ್ತಾ ಎಂದು ತಮಾಷೆ ಮಾಡಿದರು. ಹೆಂಗಸರಿಗೆ ಬಸ್ಸು ಫ್ರೀ ಸಾರ್, ಅವಳಿಗೂ ಫ್ರೀ ಎಂದೆ. ನಕ್ಕರು. ಆದರೆ ಬಾಂಬು ನೋಡುವವರ ಜೊತೆ ಬಂದಿದ್ದ ಓದಿದವರೊಬ್ಬರು ನೋಡಿ, ಇದು ಹಿಂದಿನ ಕಾಲದಲ್ಲಿ ಮೇಲಿನ ಗಾಳಿ, ಬೆಳಕು ಅಳೆಯಲು ದೊಡ್ಡ ಬಲೂನಿಗೆ ಕಟ್ಟಿ ಬಿಡುತ್ತಿದ್ದ ಡಬ್ಬ, ಸರ್ಕಾರದ ಸ್ವತ್ತು ಎಂದರು. ನಿನ್ನ ಕೈಗೆ ಹೇಗೆ ಬಂತು, ಬಂದದ್ದನ್ನು ಕಂಡವರು ಇನ್ನೊಬ್ಬರು ಯಾರು, ಅವರು ಹೇಳಿದರೆ ಕೊಡುತ್ತೇನೆ, ಇಲ್ಲದಿದ್ದರೆ ಕೋರ್ಟಿಗೆ ಕಳಿಸಬೇಕು ಎಂದು ಸಾಹೇಬರು ಹೇಳಿದರು. ಅದಕ್ಕೆ ನಡೆದದ್ದನ್ನು ಬರೆಯುತ್ತೇನೆ.

1986ನೇ ಇಸವಿ, ಸಂಕ್ರಾಂತಿ ಕಳೆದ ವಾರ. ನನಗೆ ಹನ್ನೊಂದು. ಪಕ್ಕದ ಮನೆಯ ಬೇಬಿಗೆ ಹನ್ನೆರಡು. ಇಬ್ಬರೂ ಊರಿಂದ ಮೈಲಿ ದೂರದ ಗೋಮಾಳದಲ್ಲಿ ಆಡು ಮೇಯಿಸುತ್ತಿದ್ದೆವು. ಹೊತ್ತು ಇಳಿಯುತ್ತಿತ್ತು. ಮೊದಲು ಕಂಡದ್ದು ಬೇಬಿಗೆ. "ಲೇ ಕರೀ, ಹಗಲೊತ್ತೇ ಚಂದ್ರ ಬಂದವ್ನೆ ನೋಡಮ್ಮಿ" ಎಂದಳು. ಚಂದ್ರ ಆಗಲೇ ನಮ್ಮ ಬೆನ್ನ ಹಿಂದೆ ಇತ್ತು. ಇದು ನಡುನೆತ್ತಿಯಲ್ಲಿತ್ತು. ಇಲ್ಲಿ ನುಂಗು ಎನ್ನುತ್ತಾರಲ್ಲ, ಸುಲಿದ ತಾಟಿನಿಂಗಿನ ಹಾಗೆ ಬೆಳ್ಳಗೆ, ಆಚೆ ಬದಿ ಕಾಣುವ ಹಾಗೆ ಇತ್ತು. ಸದ್ದಿಲ್ಲ. ಅಲುಗಾಟವಿಲ್ಲ. ಸೂರ್ಯ ಮುಳುಗಿ ನಮ್ಮ ಕಾಲಡಿ ಕತ್ತಲಾದರೂ ಅದಕ್ಕೆ ಮಾತ್ರ ಬೆಳಕು ಇತ್ತು. ಅರಿಶಿನದ ಬಣ್ಣವಾಯಿತು, ಆಮೇಲೆ ಕುಂಕುಮದ ಬಣ್ಣ. ಆಡುಗಳು ಮೆಲುಕು ನಿಲ್ಲಿಸಿದ್ದವು. ಆಮೇಲೆ ದೀಪದ ಕುಡಿ ಚಿವುಟಿದ ಹಾಗೆ ಆರಿಹೋಯಿತು.

ಓಡೋಣ ಎಂದೆ. ಬೇಬಿ ನನ್ನ ಜಡೆ ಹಿಡಿದು ನಿಲ್ಲಿಸಿದಳು. ಬಹಳ ಹೊತ್ತಿನ ಮೇಲೆ ಮುಗಿಲಿನಿಂದ ಬಿಳಿಯದೊಂದು ನಿಧಾನವಾಗಿ ಇಳಿಯಿತು. "ಸೆರಗು ಹಾಸ್ಕಂಡು ಬತ್ತಾವ್ಳೆ ಕಣಮ್ಮಿ" ಎಂದು ಬೇಬಿ ಪಿಸುಗುಟ್ಟಿದಳು. ಬನ್ನಿಮರದ ಆಚೆ ಬಿತ್ತು. ಹತ್ತಿರ ಹೋದೆವು. ಬಿಳಿ ಬಟ್ಟೆ, ಅದರ ಹಗ್ಗದ ತುದಿಗೆ ಈ ಡಬ್ಬ. ಮುಟ್ಟಿದೆ. ಅಷ್ಟು ತಣ್ಣಗಿರುವುದನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ಬೆರಳು ಅಂಟಿಕೊಂಡಿತು. "ಎಷ್ಟು ದೂರದಿಂದ ಬಂದವ್ಳೋ, ಚಳಿ ಹಿಡ್ದದೆ" ಎಂದು ಬೇಬಿ ತಲೆಗೆ ಕಟ್ಟಿದ್ದ ಟವಲು ಬಿಚ್ಚಿ ಹೊದಿಸಿದಳು. ಹೆಣ್ಣುದೇವರನ್ನು ಬರಿಗೈಯಲ್ಲಿ ಊರಿಗೆ ಕರೆಯಬಾರದು ಎಂದು ತನ್ನ ಎಡಗೈಯ ಹಸಿರು ಗಾಜಿನ ಬಳೆ ತೆಗೆದಳು. ಡಬ್ಬದ ಒಂದು ಬದಿಯಲ್ಲಿ ಚಿಕ್ಕ ಮುಚ್ಚಳ ತೆರೆದಿತ್ತು. ಅದರೊಳಗಿನ ಕೊಂಡಿಗೆ ಬಳೆ ಸಿಕ್ಕಿಸಿ ಮುಚ್ಚಿದಳು. ಇದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

ನಾವು ಹೇಳಿದ್ದು ಕೇಳಿ ಬೆಳಗ್ಗೆ ಊರಿನವರು ಬಂದರು. ಡಬ್ಬದ ಮೇಲೆ ಇಂಗ್ಲಿಷ್ ಅಕ್ಷರದ ಕಾಗದ ಅಂಟಿತ್ತು. ಯಾರಾದರೂ ಓದುವ ಮೊದಲೇ ನಮ್ಮ ಚಿಕ್ಕಮ್ಮ ಅದರ ಮೇಲೆ ಅರಿಶಿನ ಬಳಿದು ಕುಂಕುಮ ಇಟ್ಟರು. ಮೈಗೆ ಅರಿಶಿನ ಹಚ್ಚದೆ ಯಾವ ಅಮ್ಮನನ್ನು ಕೂರಿಸುತ್ತಾರೆ? ಗೋಮಾಳದಲ್ಲೇ ಕಲ್ಲಿಟ್ಟು ಗುಡಿ ಮಾಡಿದರು. ಆಮೇಲೆ ಬಂದ ಹುಡುಗರು ಡಬ್ಬದಮ್ಮ ಎಂದು ಆಡಿಕೊಂಡರು. ರಸ್ತೆ ಅಗಲ ಮಾಡುವಾಗ ಗುಡಿ ಹೋಯಿತು. ಚಿಕ್ಕಮ್ಮ ಅಟ್ಟದಲ್ಲಿ ಇಟ್ಟುಕೊಂಡಿದ್ದರು. ಅವರು ತೀರಿಕೊಂಡಾಗ ಎಲ್ಲರೂ ಬೇಡ ಎಂದದ್ದರಿಂದ ನಾನು ಮಾಧವರಕ್ಕೆ ತಂದೆ.

ಓದಿದವರ ಮಾತನ್ನು ಅಲ್ಲಗಳೆಯುವುದಿಲ್ಲ. ಬಲೂನೇ ಇರಬಹುದು. ಬಿಟ್ಟವರು ಯಾರೂ ಕರೆದುಕೊಂಡು ಹೋಗಲು ಬರಲಿಲ್ಲ. ನಾವು ನೀರು, ಹೂವು, ದೀಪ ಕೊಟ್ಟಿದ್ದೇವೆ. ನನ್ನ ಗಂಡ ಇದ್ದಾಗ, ನೀನು ಕಂಡದ್ದು ನಾನು ಕಾಣೆ, ಆದರೂ ನಿನಗೋಸ್ಕರ ಕೈಮುಗೀತೀನಿ ಎನ್ನುತ್ತಿದ್ದರು. ಅವರು ಹೋಗಿ ನಾಲ್ಕು ವರ್ಷವಾಯಿತು. ಈಗ ದಿನದ ಮಾತು ಮುಗಿಲಮ್ಮನೊಂದಿಗೇ.

ಇವತ್ತು ಠಾಣೆಯ ಫೋನಿನಿಂದ ಊರಿನ ಪಂಚಾಯಿತಿ ಮೆಂಬರು ಭೋಜರಾಜನನ್ನು ಕೇಳಿದಾಗ, ಅದ್ಯಾವುದೋ ಹಳೇ ರೇಡಿಯೋ ಇರಬೇಕು, ಊರಿನ ಹೆಸರನ್ನು ಪೊಲೀಸಿಗೆ ಎಳೆಯಬೇಡ ಕರಿಯಕ್ಕ ಎಂದು ಫೋನು ಇಟ್ಟುಬಿಟ್ಟ. ಇಳಿದದ್ದನ್ನು ಕಂಡವರು ನಾನು ಮತ್ತು ಬೇಬಿ ಇಬ್ಬರೇ. ಬೇಬಿಯನ್ನು ಹನೂರಿನ ಆಚೆ ಕೊಟ್ಟಿದ್ದಾರೆ. ಅವಳನ್ನು ಕೊನೆಯ ಸಲ ನೋಡಿದ್ದು ಚಿಕ್ಕಮ್ಮನ ತಿಥಿಯಲ್ಲಿ. ಅಟ್ಟದ ಕಡೆ ನೋಡಿದಳು, ನನ್ನನ್ನು ನೋಡಿದಳು, ಅಷ್ಟರಲ್ಲಿ ಅವಳ ಗಂಡ ಬಸ್ಸಿಗೆ ಹೊತ್ತಾಯಿತು ಎಂದು ಕರೆದ. ನೆನಪಿದೆಯಾ ಎಂದು ನಾನು ಕೇಳಲಾಗಲಿಲ್ಲ.

ನಾನು ಬಾಯಿ ಬಿಟ್ಟದ್ದರಿಂದ ಅಮ್ಮ ಸದ್ಯಕ್ಕೆ ಈ ಠಾಣೆಯಲ್ಲೇ ನಿಂತಿದ್ದಾಳೆ. ಇದರಲ್ಲಿ ಸಾಹೇಬರ ತಪ್ಪಿಲ್ಲ. ಸಂಜೆ ಒಂದು ದೀಪಕ್ಕೆ ಅವಕಾಶ ಕೊಡಬೇಕು.

ಮೇಲೆ ಬರೆದದ್ದರಲ್ಲಿ ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಇಟ್ಟಿದ್ದೇನೆ. ಸುಳ್ಳಿದ್ದರೆ ಅವಳ ಮುಂದೆಯೇ ಉತ್ತರ ಕೊಡುತ್ತೇನೆ.

ಸ್ಥಳ: ಮಾಧವರಂ, ಚೆನ್ನೈ
ದಿನಾಂಕ: 10-11-2025
ಸಹಿ: ಕರಿಯಮ್ಮ

ಸಹಿಯಾದ ಮೇಲೆ ಬರೆದದ್ದು: ಬೇಬಿಯ ಹತ್ತಿರ ಫೋನು ಇಲ್ಲ. ದಯವಿಟ್ಟು ಯಾರನ್ನಾದರೂ ಕಳಿಸಿ. ನಾನು ಬರೆದದ್ದನ್ನು ಮೊದಲೇ ಹೇಳಬಾರದು. ಆ ಸಂಜೆ ಬನ್ನಿಮರದ ಹತ್ತಿರ ಮುಚ್ಚಳದೊಳಗೆ ಏನಿಟ್ಟೆ ಎಂದು ಕೇಳಿ, ಆಮೇಲೆ ಇಲ್ಲಿ ಎಲ್ಲರ ಎದುರು ಮುಚ್ಚಳ ತೆಗೆದು ನೋಡಿ. ಬಳೆ ಎಂದರೆ ಅಮ್ಮನನ್ನು ನನಗೆ ಕೊಡಿ. ನೆನಪಿಲ್ಲ ಎಂದರೆ, ಕರಿ ಚೆನ್ನೈನಲ್ಲಿ ಒಬ್ಬಳೇ ಇದ್ದಾಳೆ, ಅವಳೇ ಕೇಳುತ್ತಿದ್ದಾಳೆ ಎಂದು ಹೇಳಿ ಹೋದವರು ಇನ್ನೊಂದು ಸಲ ಕೇಳಲಿ. ಆಗ ಅವಳು ಏನು ಹೇಳುತ್ತಾಳೋ ಆ ಮಾತನ್ನು ಹಾಗೆಯೇ ನನಗೆ ತಂದುಕೊಡಬೇಕು.