ಉರಿಯದ ಹಾಗೆ ಬೋಳಿಸುವುದು

ಜಪಾನಿನ ಒನೊಮಿಚಿ ಊರಿನ ಕ್ಷೌರದಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಮಾಲೀಕ ಕುರಮೋಚಿ ಕುರ್ಚಿಗೆ ಒರಗಿ, ಕತ್ತಿ ಹಿಡಿಯಲು ಕಲಿಯುತ್ತಿದ್ದ ಮಗಳು ಚಿಜುರುಗೆ ತನ್ನ ಗಡ್ಡವನ್ನೇ ಒಪ್ಪಿಸಿದ್ದ.

“ಒತ್ತಬೇಡ. ಕತ್ತಿ ಭಾರವೇ ಸಾಕು.”

“ಸರಿ ಅಪ್ಪ.”

“ಕೂದಲು ಮಲಗಿರೋ ಕಡೆಗೇ ಎಳಿ. ಎದುರು ಎಳೆದ್ರೆ ಉರಿಯುತ್ತೆ.”

ಕತ್ತಿ ಕೆನ್ನೆ ದಾಟಿ ಗಂಟಲಿಗೆ ಬಂತು.

“ಅಪ್ಪ, ಎದುರಂಗಡಿ ಇಸಾಮುನ್ನ ಮದ್ವೆ ಆಗ್ತೀನಿ.”

ಪತ್ರಿಕೆ ತಿರುವುತ್ತಿದ್ದ ನನ್ನ ಕೈ ನಿಂತಿತು.

“ಆ ಮಷೀನಲ್ಲಿ ಗಡ್ಡ ತೆಗೆಯೋನನ್ನಾ?”

“ಅಲ್ಲಾಡಬೇಡಿ, ಗಾಯ ಆಗುತ್ತೆ.”

“ಇದನ್ನ ಹೇಳೋಕೆ ಈ ಹೊತ್ತೇ ಬೇಕಿತ್ತಾ?”

“ಬೇರೆ ಹೊತ್ತಲ್ಲಿ ಸುಮ್ನೆ ಕೂತು ಕೇಳ್ತಿದ್ರಾ?”

ಕೊನೆಗೆ ಅವಳು ಮುಖಕ್ಕೆ ತಣ್ಣನೆಯ ಟವೆಲ್ ಹಾಕಿದಳು.

“ಉರೀತಿದ್ಯಾ?”

“ಮುಖ ಉರೀತಿಲ್ಲ. ಹೊಟ್ಟೆ ಉರೀತಿದೆ.”

ಕುರಮೋಚಿ ಎದ್ದು ಒಳಕೋಣೆಯತ್ತ ನಡೆದ.

“ಸೋಮವಾರ ಅಂಗಡಿ ರಜ. ಅವನನ್ನ ಕರ್ಕೊಂಡು ಬಾ. ಗಡ್ಡ ನಾನೇ ಬೋಳಿಸ್ತೀನಿ.”